ಚಿತ್ರದಲ್ಲಿ ಮತ್ತಿತರರೂ ಇದ್ದಾರೆ

ಯಾವ ದೇಶದ ಪತ್ರಿಕೆಯನ್ನಾದರೂ ಬಿಡಿಸಿ, ಒಬ್ಬ ನಾಯಕರು ಬೆರಳು ತೋರಿಸುತ್ತ ನಿಂತಿರುತ್ತಾರೆ. ಏನನ್ನು ತೋರಿಸುತ್ತಿದ್ದಾರೆ ಎಂಬುದು ಚೌಕಟ್ಟಿನ ಆಚೆ. ಅದು ಸೇತುವೆಯೋ, ಗುಂಡಿಯೋ, ತಾವೇ ಹಾರಿಸಿದ ಕಾಗೆಯೋ ಗೊತ್ತಾಗುವುದಿಲ್ಲ. ಸುತ್ತಲಿನ ಹನ್ನೊಂದು ಮಂದಿ ಮಾತ್ರ ಆ ದಿಕ್ಕಿಗೆ ಕತ್ತು ಹೊರಳಿಸಿ, ಅಲ್ಲೊಂದು ವಸ್ತು ಇದೆಯೆಂದು ಆಗಷ್ಟೇ ಅರಿವಾದವರಂತೆ ತಲೆದೂಗುತ್ತಿರುತ್ತಾರೆ. ಕೆಳಗೆ ಅಡಿಬರಹ: ‘ಕಾಮಗಾರಿ ಪರಿಶೀಲಿಸಿದರು. ಮತ್ತಿತರರು ಇದ್ದರು.’

ಕಾಮಗಾರಿ ಕೆಟ್ಟರೆ ಮರುಟೆಂಡರ್ ಕರೆಯಬಹುದು. ಪರಿಶೀಲನೆಯ ಫೋಟೊ ಕೆಟ್ಟರೆ ಗತಿಯೇನು? ಇಷ್ಟು ಮಹತ್ವದ ವಿಷಯಕ್ಕೆ ಇನ್ನೂ ಒಂದು ಕೈಪಿಡಿ ಇಲ್ಲವೆಂಬುದು ಆಡಳಿತ ವ್ಯವಸ್ಥೆಗಳ ದೊಡ್ಡ ಲೋಪ.

ಮೊದಲು ಬೆರಳು. ಕ್ಯಾಮೆರಾದತ್ತ ಚಾಚಿದರೆ ಅದು ಲೆನ್ಸಿಗೆ ಹತ್ತಿರವಾಗಿ ಒನಕೆಯಷ್ಟು ದಪ್ಪ ಕಾಣುತ್ತದೆ, ಹಿಂದಿನ ಮುಖ ಗೋಲಿಯಷ್ಟಾಗುತ್ತದೆ. ಕೈ ಕ್ಯಾಮೆರಾಕ್ಕೆ ಅಡ್ಡಲಾಗಿರಲಿ, ಭುಜಕ್ಕಿಂತ ತುಸು ಕೆಳಗಿರಲಿ. ಷಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾದರೆ ಆಡುವ ಕೈ ಮಸುಕಾಗಿ, ನಾಯಕರು ನೊಣ ಓಡಿಸುತ್ತಿರುವಂತೆ ಕಾಣುತ್ತದೆ. ಬೆರಳನ್ನು ಎರಡು ಸೆಕೆಂಡು ಹಾಗೇ ಹಿಡಿದಿರಲು ಹೇಳಿ. ಸೆಕೆಂಡಿಗೆ 20 ಚಿತ್ರ ಹೊಡೆಯುವ ಕ್ಯಾಮೆರಾಕ್ಕೆ ಅಷ್ಟರಲ್ಲಿ 40 ಸಿಗುತ್ತವೆ. ಆಕಳಿಕೆ, ಅರೆಬಾಯಿ, ಗಡಿಯಾರದ ಮೇಲೆ ಬಿದ್ದ ದೃಷ್ಟಿ, ಇವನ್ನೆಲ್ಲ ಕಳೆದರೆ ನಾಡು ಕಟ್ಟುತ್ತಿರುವಂತೆ ಕಾಣುವವು ಎರಡೋ ಮೂರೋ ಉಳಿಯುತ್ತವೆ. ಐದು ವರ್ಷಕ್ಕೆ ಅಷ್ಟು ಸಾಕು.

ಕಣ್ಣಿನದು ಬೇರೆಯೇ ಗಣಿತ. ಒಮ್ಮೆ ರೆಪ್ಪೆ ಬಡಿಯಲು ಸೆಕೆಂಡಿನ ಹತ್ತನೇ ಒಂದರಿಂದ ನಾಲ್ಕು ಭಾಗ ಬೇಕು. ಗುಂಪು ದೊಡ್ಡದಾದಷ್ಟೂ ಯಾರಾದರೊಬ್ಬರು ಆ ಕ್ಷಣದಲ್ಲೇ ನಿದ್ರಿಸಿರುತ್ತಾರೆ. ಆಸ್ಟ್ರೇಲಿಯಾದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಲೆಕ್ಕ ಹಾಕಿ 2006ರಲ್ಲಿ ಗಣಿತದ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ) ಪಡೆದರು. ಗುಂಪಿನಲ್ಲಿ 20ಕ್ಕಿಂತ ಕಡಿಮೆ ಜನರಿದ್ದು ಬೆಳಕು ಚೆನ್ನಾಗಿದ್ದರೆ ತಲೆಯೆಣಿಕೆಯನ್ನು 3ರಿಂದ ಭಾಗಿಸಿ, ಮಂದ ಬೆಳಕಾದರೆ 2ರಿಂದ; ಅಷ್ಟು ಚಿತ್ರ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣು ತೆರೆದಿರುತ್ತದೆ. ಹನ್ನೆರಡು ಜನಕ್ಕೆ ಬಿಸಿಲಲ್ಲಿ 4, ಸಭಾಂಗಣದಲ್ಲಿ 6. ಐವತ್ತರ ಹತ್ತಿರ ಹೋದರೆ ಆಸೆಯನ್ನೇ ಬಿಡಬೇಕು. ಮಂತ್ರಿಮಂಡಲದ ಗಾತ್ರ ನಿಗದಿಪಡಿಸಲು ಇದಕ್ಕಿಂತ ವೈಜ್ಞಾನಿಕವಾದ ಮಾನದಂಡ ಯಾವ ಸಂವಿಧಾನದಲ್ಲೂ ಸಿಗದು.

ಇನ್ನು ಮತ್ತಿತರರು. ಇವರ ಜೀವನದ ಪರಮ ಗುರಿ ಚೌಕಟ್ಟಿನೊಳಗೆ ಒಂದು ಕಿವಿಯಾದರೂ ಬರುವುದು. ಆದರೆ ಇವರಿಗೆ ಜ್ಯಾಮಿತಿ ಗೊತ್ತಿಲ್ಲ. ಕ್ಯಾಮೆರಾದ ಮೂಲ ಚಿತ್ರ 3:2 ಅನುಪಾತದ್ದು, ಉದಾಹರಣೆಗೆ 6000×4000 ಪಿಕ್ಸೆಲ್. ಅದನ್ನು ಚೌಕಾಕಾರಕ್ಕೆ ಕತ್ತರಿಸಿದರೆ ಅಗಲದ ಮೂರನೇ ಒಂದು ಭಾಗ ಹೋಗುತ್ತದೆ. ಸಾಲಾಗಿ ನಿಂತ ಹನ್ನೆರಡರಲ್ಲಿ ಆ ತುದಿಯ ಇಬ್ಬರು, ಈ ತುದಿಯ ಇಬ್ಬರು ಔಟ್. ಮೊಬೈಲಿನ ಉದ್ದುದ್ದ 9:16ಕ್ಕೆ ಕತ್ತರಿಸಿದರೆ 6000ದಲ್ಲಿ ಉಳಿಯುವುದು 2250 ಪಿಕ್ಸೆಲ್, ಅಂದರೆ ನಾಲ್ಕೂವರೆ ಜನ. ಆ ಅರ್ಧ ಮನುಷ್ಯ ಯಾರೆಂಬುದರ ಮೇಲೆ ಪಕ್ಷಗಳು ಒಡೆದರೂ ಅಚ್ಚರಿಯಿಲ್ಲ. ಮುಂಜಾನೆಯೇ ಬಂದು ತುದಿಯಲ್ಲಿ ಜಾಗ ಹಿಡಿದವರಿಗೆ ಇನ್ನೊಂದು ಶಿಕ್ಷೆಯೂ ಕಾದಿದೆ: 24 ಎಂಎಂಗಿಂತ ಕಡಿಮೆ ಸಂಗಮದೂರದ, ಅಗಲ ನೋಟದ ಲೆನ್ಸು ಅಂಚಿನಲ್ಲಿ ನಿಂತವರನ್ನು ಅಡ್ಡಕ್ಕೆ ಎಳೆಯುತ್ತದೆ. ಅಧಿಕಾರ ಸಿಗುವ ಮೊದಲೇ ಮೈ ಬರುತ್ತದೆ.

ಜನಸಾಗರ ಬೇಕಿದ್ದರೆ ಲೆನ್ಸ್ ಬದಲಿಸಿ. ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಲೆನ್ಸ್ ಹಾಕಿಕೊಂಡು ದೂರ ಹೋಗಿ, ನಾಯಕರ ಎದೆಮಟ್ಟದಿಂದ ಹೊಡೆಯಿರಿ. ಜನ ಒತ್ತೊತ್ತಾಗಿ ಕಾಣುವುದು ಲೆನ್ಸಿನ ಮಾಯೆ ಎಂದುಕೊಂಡವರೇ ಹೆಚ್ಚು. ಅಲ್ಲ, ಅದು ದೂರದ ಮಾಯೆ. ಲೆನ್ಸು ಆ ದೂರದಿಂದ ಬೇಕಾದಷ್ಟನ್ನು ಮಾತ್ರ ಕತ್ತರಿಸಿ ಕೊಡುತ್ತದೆ. ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ನಡುವಿನ ಖಾಲಿ ಜಾಗ ಮಡಚಿಕೊಂಡು, ಇನ್ನೂರು ಕುರ್ಚಿ ಎರಡು ಸಾವಿರದಂತೆ ತುಂಬುತ್ತವೆ. ಒಂದೇ ಅಪಾಯ, ಯಾರೂ ಮಹಡಿ ಹತ್ತಬಾರದು. 2015ರ ಜನವರಿ 11ರಂದು ಭಯೋತ್ಪಾದಕ ದಾಳಿಗಳನ್ನು ಖಂಡಿಸಿ ಪ್ಯಾರಿಸ್ಸಿನಲ್ಲಿ ನಡೆದ ಮೆರವಣಿಗೆಯಲ್ಲಿ ದೇಶದೇಶಗಳ ಮುಖ್ಯಸ್ಥರು ತೋಳಿಗೆ ತೋಳು ಸೇರಿಸಿ ಲಕ್ಷಾಂತರ ಜನರ ಮುಂದಾಳುಗಳಂತೆ ಚಿತ್ರದಲ್ಲಿ ಕಂಡರು. ಎತ್ತರದಿಂದ ತೆಗೆದ ಚಿತ್ರದಲ್ಲಿ ಅವರ ಹಿಂದೆ ಒಂದಷ್ಟು ಮಂದಿ, ಅದರ ಹಿಂದೆ ಭದ್ರತೆಗಾಗಿ ತೆರವು ಮಾಡಿದ ಖಾಲಿ ರಸ್ತೆ. ಜನ ನಿಜವಾಗಿಯೂ ಲಕ್ಷಗಟ್ಟಲೆ ಸೇರಿದ್ದರು, ಬೇರೆ ಕಡೆ.

ತಲೆಯ ಮೇಲೆ ಏನನ್ನೂ ಹಾಕಿಸಬೇಡಿ. 1988ರಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆಯ ಅಭ್ಯರ್ಥಿ ಮೈಕೆಲ್ ಡುಕಾಕಿಸ್, ರಕ್ಷಣಾ ವಿಷಯದಲ್ಲಿ ಗಟ್ಟಿಗರೆಂದು ತೋರಿಸಲು ಮಿಷಿಗನ್ನಿನಲ್ಲಿ ಟ್ಯಾಂಕ್ ಏರಿ, ದೊಡ್ಡ ಹೆಲ್ಮೆಟ್ ತೊಟ್ಟು ನಕ್ಕರು. ನಗೆಪಾಟಲಾದ ಆ ದೃಶ್ಯವನ್ನು ಎದುರಾಳಿ ಜಾರ್ಜ್ ಬುಷ್ ಅವರ ತಂಡ ತನ್ನದೇ ಜಾಹೀರಾತಿಗೆ ಬಳಸಿಕೊಂಡಿತು.

ಇಷ್ಟೆಲ್ಲ ಮಾಡಿಯೂ ಚಿತ್ರ ಸಪ್ಪೆಯಾದರೆ ಫೋಟೊಶಾಪ್ ಇದ್ದೇ ಇದೆ. ಅಲ್ಲಿ ಎಡವುವುದು ಕಾಲಿನ ಬಳಿ. 2011ರ ಜೂನ್‌ನಲ್ಲಿ ಚೀನಾದ ಸಿಚುವಾನ್ ಪ್ರಾಂತದ ಹುಯಿಲಿ ಕೌಂಟಿಯ ಆಡಳಿತ ಹೊಸ ರಸ್ತೆಯನ್ನು ಪರಿಶೀಲಿಸುತ್ತಿರುವ ಮೂವರು ಅಧಿಕಾರಿಗಳ ಚಿತ್ರ ಪ್ರಕಟಿಸಿತು. ಮೂವರೂ ರಸ್ತೆಯ ಮೇಲೆ ತೇಲುತ್ತಿದ್ದರು. ಅವರು ನಿಜಕ್ಕೂ ಅಲ್ಲಿಗೆ ಹೋಗಿದ್ದರು, ಅಸಲಿ ಚಿತ್ರ ಚೆನ್ನಾಗಿ ಬಂದಿರಲಿಲ್ಲವಾದ್ದರಿಂದ ಎರಡು ಚಿತ್ರಗಳನ್ನು ಸೇರಿಸಲಾಯಿತು ಎಂಬ ಸಮಜಾಯಿಷಿ ಬಂತು. ಅಷ್ಟರಲ್ಲಿ ಅಂತರ್ಜಾಲದ ಜನ ಅದೇ ಫೋಟೊಶಾಪಿನಿಂದ ಆ ಮೂವರನ್ನು ಚಂದ್ರನ ಮೇಲೂ ಪರಿಶೀಲನೆಗೆ ಕಳಿಸಿಯಾಗಿತ್ತು. ತಪ್ಪು ಎಲ್ಲಾಯಿತು? ಶೂ ನೆಲ ಮುಟ್ಟುವಲ್ಲಿ ಬೆರಳಗಲದ ಕಡುಗಪ್ಪು ನೆರಳು ಬೇಕು. ಅದಿಲ್ಲದಿದ್ದರೆ ಎಂಥ ಭಾರೀ ಅಧಿಕಾರಿಯೂ ಬಲೂನು. ನಂತರ ಉದ್ದ ನೆರಳು, ರಸ್ತೆಯ ಮರಗಳ ನೆರಳು ಬಿದ್ದ ದಿಕ್ಕಿಗೇ. ಎರಡೂ ಚಿತ್ರಗಳಲ್ಲಿ ಕ್ಯಾಮೆರಾ ಒಂದೇ ಎತ್ತರದಲ್ಲಿರಬೇಕು, ಇಲ್ಲವಾದರೆ ದಿಗಂತ ಒಬ್ಬನ ಕಣ್ಣಿನ ಮಟ್ಟಕ್ಕೂ ಇನ್ನೊಬ್ಬನ ಮೊಣಕಾಲಿಗೂ ಬರುತ್ತದೆ. ರಸ್ತೆ ಮುಂಜಾನೆಯ ಹಳದಿಯಲ್ಲೂ ಅಧಿಕಾರಿಗಳು ಟ್ಯೂಬ್‌ಲೈಟಿನ ಹಸಿರುಬಿಳುಪಿನಲ್ಲೂ ಇದ್ದರೆ ಮಕ್ಕಳೂ ಹಿಡಿದುಬಿಡುತ್ತಾರೆ.

ಕಾಲಿನ ತೊಂದರೆಯೇ ಬೇಡವೆಂದರೆ ಈಜಿಪ್ಟಿನ ಅಲ್-ಅಹ್ರಾಮ್ ಪತ್ರಿಕೆಯ ದಾರಿ ಹಿಡಿಯಬಹುದು. 2010ರಲ್ಲಿ ಶ್ವೇತಭವನದಲ್ಲಿ ಐವರು ನಾಯಕರು ನಡೆದು ಬರುವಾಗ ಒಬಾಮ ಮುಂದೆ, ಈಜಿಪ್ಟಿನ ಆಗಿನ ಅಧ್ಯಕ್ಷ ಹೊಸ್ನಿ ಮುಬಾರಕ್ ಹಿಂದೆ ಒಂದು ಅಂಚಿನಲ್ಲಿದ್ದರು. ಪತ್ರಿಕೆಯಲ್ಲಿ ಅಚ್ಚಾದಾಗ ಮುಬಾರಕ್ ಎಲ್ಲರಿಗಿಂತ ಮುಂದಿದ್ದರು. ಸಿಕ್ಕಿಬಿದ್ದ ಮೇಲೆ ಸಂಪಾದಕರು ಕ್ಷಮೆ ಕೇಳಲಿಲ್ಲ. ಇದು ಅಭಿವ್ಯಕ್ತಿವಾದಿ ಛಾಯಾಚಿತ್ರ ಎಂದರು. ಕಲಾಚರಿತ್ರೆಯಲ್ಲಿ ಒಂದು ಪಂಥ ಹೀಗೂ ವಿಸ್ತರಿಸಬಹುದೆಂದು ಯಾರು ನೆನೆದಿದ್ದರು!

‘ಇಂದು ಬೆಳಿಗ್ಗೆ’ ಎಂದು ಹಾಕುವ ಮುನ್ನ ಫೈಲಿನೊಳಗಿನ ಎಕ್ಸಿಫ್ ಮಾಹಿತಿ ನೋಡಿಕೊಳ್ಳಿ. ಅದರಲ್ಲಿ ಚಿತ್ರ ತೆಗೆದ ದಿನ, ಗಂಟೆ, ನಿಮಿಷ ಕುಳಿತಿರುತ್ತವೆ.

ಕೊನೆಯದಾಗಿ, ಮುಂದಾಲೋಚನೆ. ರಾಜಕೀಯದಲ್ಲಿ ಇಂದು ಪಕ್ಕದಲ್ಲಿದ್ದವರು ನಾಳೆ ಇರುವುದಿಲ್ಲ. ಸೋವಿಯತ್ ರಹಸ್ಯ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಜೋವ್ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಪಕ್ಕದಲ್ಲೇ ನಗುತ್ತ ನಡೆದಿದ್ದರು. 1940ರಲ್ಲಿ ಅವರನ್ನು ಕೊಂದ ಮೇಲೆ ಚಿತ್ರದಿಂದಲೂ ತೆಗೆದರು. ಪಾಪ, ಆ ಕಾಲದ ತಿದ್ದುಗಾರರು ಅವರು ನಿಂತಿದ್ದ ಜಾಗಕ್ಕೆ ಕಾಲುವೆಯ ನೀರನ್ನು ಕೈಯಾರೆ ತುಂಬಿಸಬೇಕಿತ್ತು. ಈಗ ಅಷ್ಟು ಶ್ರಮವಿಲ್ಲ. ಯಾರೂ ಬರುವ ಮೊದಲೇ ಟ್ರೈಪಾಡ್ ನೆಟ್ಟು, ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಮ್ಯಾನ್ಯುವಲ್‌ನಲ್ಲಿ ಲಾಕ್ ಮಾಡಿ, ಬರೀ ಜಾಗದ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಆಮೇಲೆ ಫೋಟೊಶಾಪಿನಲ್ಲಿ ಹನ್ನೆರಡು ಮಂದಿಯನ್ನೂ ಹಿನ್ನೆಲೆಯಿಂದ ಕತ್ತರಿಸಿ, ಆ ಖಾಲಿ ಜಾಗದ ಚಿತ್ರದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಲೇಯರ್, ಅಂದರೆ ಬೇರೆ ಪದರ ಕೊಡಿ, ಹೆಸರು ಬರೆದಿಡಿ. ಪ್ರತಿ ಲೇಯರಿನ ಎಡಕ್ಕೆ ಪುಟ್ಟ ಕಣ್ಣಿನ ಗುರುತು ಇರುತ್ತದೆ. ಬಂಡಾಯದ ಸುದ್ದಿ ಬಂದ ದಿನ ಅದನ್ನು ಒಮ್ಮೆ ಒತ್ತಿ. ಕಣ್ಣು ಮುಚ್ಚುತ್ತದೆ, ಮನುಷ್ಯ ಹೋಗುತ್ತಾನೆ, ಹಿಂದಿನ ಗೋಡೆ ಬರುತ್ತದೆ. ಫೈಲನ್ನು ಮಾತ್ರ ಫ್ಲ್ಯಾಟನ್ ಮಾಡಿ ಪದರಗಳನ್ನೆಲ್ಲ ಒಂದಾಗಿಸಬೇಡಿ. ಅವರು ಮರಳಿ ಪಕ್ಷ ಸೇರಬಹುದು.