ಕಾಲುರಿಗೆ ಕೊಟ್ಟ ಮಾತ್ರೆಯನ್ನು ‘ಹುಚ್ಚಿನ ಮಾತ್ರೆ’ ಅನ್ನಬೇಡಿ

ಶುಗರ್ ಬಂದು ವರ್ಷಗಳಾದ ಎಷ್ಟೋ ಜನಕ್ಕೆ ಅಂಗಾಲು ಉರಿ ಶುರುವಾಗುತ್ತದೆ. ಡಾಕ್ಟರು ಡ್ಯುಲೊಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಬರೆದುಕೊಡುತ್ತಾರೆ. ಮನೆಯಲ್ಲಿ ಯಾರೋ ಮೊಬೈಲ್‌ನಲ್ಲಿ ಹೆಸರು ಹುಡುಕುತ್ತಾರೆ, ಖಿನ್ನತೆಯ ಔಷಧಿ ಅಂತ ಬರುತ್ತದೆ, ಅಲ್ಲಿಗೆ ಮುಗಿಯಿತು. ಮಾತ್ರೆ ಮೂಲೆ ಸೇರುತ್ತದೆ.

ಮಂಡ್ಯದಲ್ಲಿರುವ ನಮ್ಮ ದೊಡ್ಡಮ್ಮನಿಗೂ ಇದೇ ಆಯ್ತು. ರಾತ್ರಿ ಹೊದಿಕೆ ತಾಕಿದರೂ ಸಾಕು, ಎದ್ದು ಬಚ್ಚಲಿಗೆ ಹೋಗಿ ಕಾಲಿಗೆ ತಣ್ಣೀರು ಸುರಿದುಕೊಂಡು ಕೂರುತ್ತಿದ್ದರು. ಆದರೂ ಮಾತ್ರೆ ಬೇಡ. “ಉರಿ ಇರೋದು ಕಾಲಲ್ಲಿ ಮಗಾ, ನಂಗೇನು ತಲೆ ಕೆಟ್ಟಿದೆಯಾ?” ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅಲ್ವಾ? ಅದಕ್ಕೆ ಉತ್ತರ ಕೊಡುವವರು ಯಾರೂ ಇರಲಿಲ್ಲ, ಅದೇ ನನ್ನ ಸಿಟ್ಟು.

ಕಾಲಿನ ನೋವು ಸೀದಾ ಮಿದುಳಿಗೆ ಹೋಗುವುದಿಲ್ಲ. ಮೊದಲು ಬೆನ್ನುಹುರಿಗೆ ಬರುತ್ತದೆ. ಅಲ್ಲೇ ಅದನ್ನು ತಡೆಯುವ ಏರ್ಪಾಡು ಇದೆ ಅಂತ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನೋ ವಿಜ್ಞಾನಿಗಳು ಹೇಳಿದರು. ನಾಲೆಯ ತೂಬಿನ ಹಾಗೆ, ಎಷ್ಟು ಬಿಡಬೇಕು ಅನ್ನೋದು ಅಲ್ಲಿ ತೀರ್ಮಾನವಾಗುತ್ತದೆ. 1969ರಲ್ಲಿ ರೆನಾಲ್ಡ್ಸ್ ಅನ್ನೋ ಸಂಶೋಧಕರು ಇಲಿಗಳ ನಡುಮಿದುಳಿನ ಒಂದು ಭಾಗಕ್ಕೆ ಸಣ್ಣಗೆ ಕರೆಂಟ್ ಕೊಟ್ಟು, ಅರಿವಳಿಕೆ ಇಲ್ಲದೆಯೇ ಹೊಟ್ಟೆಯ ಆಪರೇಷನ್ ಮಾಡಿದರು. ಅಂದರೆ ನೋವಿಗೆ ತಡೆ ಹಾಕುವ ಆಜ್ಞೆ ಮೇಲಿನಿಂದ ಕೆಳಕ್ಕೆ ಬರುತ್ತದೆ. ಮಿದುಳಿನ ಬುಡದಲ್ಲಿರುವ ರಾಫೆ ಅನ್ನೋ ನರಕೋಶಗಳ ಗುಂಪಿನಿಂದ ಎಳೆಗಳು ಬೆನ್ನುಹುರಿಗೆ ಇಳಿದು ಅಲ್ಲಿ ಸೆರೊಟೋನಿನ್ ಬಿಡುತ್ತವೆ. ಇದು ನರದಿಂದ ನರಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕ; ಖಿನ್ನತೆಯ ಈ ಮಾತ್ರೆಗಳು ಹೆಚ್ಚಿಸುವುದರಲ್ಲಿ ಇದೂ ಒಂದು.

ಹಾಗಂತ ಸೆರೊಟೋನಿನ್ ಜಾಸ್ತಿಯಾದರೆ ನೋವು ಕಮ್ಮಿ ಅಂತ ಲೆಕ್ಕ ಹಾಕಬೇಡಿ. ನರಕೋಶದ ಮೇಲೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು (ರಿಸೆಪ್ಟರ್) ಹಲವು ಬಗೆ, ಅದು ಯಾವುದಕ್ಕೆ ಅಂಟಿಕೊಳ್ಳುತ್ತದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. 5-ಎಚ್‌ಟಿ1 ಗುಂಪಿನ ಗ್ರಾಹಕಗಳು ಬಹುಮಟ್ಟಿಗೆ ನೋವನ್ನು ತಗ್ಗಿಸುತ್ತವೆ, 5-ಎಚ್‌ಟಿ3 ಏರಿಸಲೂಬಹುದು. ಸೆರೊಟೋನಿನ್ ಒಂದನ್ನೇ ಹೆಚ್ಚಿಸುವ ಮಾತ್ರೆಗಳು ನರದ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ಜೊತೆಗೆ ಅಂಥದೇ ಇನ್ನೊಂದು ರಾಸಾಯನಿಕವಾದ ನಾರ್‌ಅಡ್ರಿನಲಿನ್ ಕೂಡ ಹೆಚ್ಚಿಸಿದರೆ ಕೆಲಸ ಆಗುತ್ತದೆ. ಡ್ಯುಲೊಕ್ಸೆಟಿನ್ ಎರಡನ್ನೂ ಮಾಡುತ್ತದೆ. ಶುಗರ್‌ನಿಂದ ಬರುವ ನರದ ನೋವಿಗೇ ಅಂತ ಅಮೆರಿಕದಲ್ಲಿ 2004ರಲ್ಲೇ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಅಮಿಟ್ರಿಪ್ಟಿಲಿನ್ ಆದರೆ ನೋವಿಗೆ ಸಾಮಾನ್ಯವಾಗಿ 10 ಅಥವಾ 25 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ, ಖಿನ್ನತೆಗೆ ಕೊಡುವುದು ಇದಕ್ಕಿಂತ ಎಷ್ಟೋ ಜಾಸ್ತಿ.

ಇಷ್ಟನ್ನೇ ಕನ್ನಡದಲ್ಲಿ ಎರಡು ನಿಮಿಷ ಹೇಳಿದ್ದರೆ ದೊಡ್ಡಮ್ಮ ಅಷ್ಟು ರಾತ್ರಿ ನಿದ್ದೆಗೆಡಬೇಕಿರಲಿಲ್ಲ. ಡಾಕ್ಟರುಗಳೇ, ದಯವಿಟ್ಟು ಹೇಳಿ. ಖಿನ್ನತೆಗೆ ಮಾತ್ರೆ ತಗೊಳ್ಳುವವರನ್ನು ಹುಚ್ಚರು ಅನ್ನುವುದೂ ಅಷ್ಟೇ ತಪ್ಪು, ಅದನ್ನೂ ಬಿಡೋಣ.

ಈ ಮಾತ್ರೆ ಎಲ್ಲರಿಗೂ ಹಿಡಿಸುವುದಿಲ್ಲ. ವಾಕರಿಕೆ, ತೂಕಡಿಕೆ, ಬಾಯಿ ಒಣಗುವುದು ಇರುತ್ತದೆ, ಗುಣ ಗೊತ್ತಾಗಲು ಕೆಲವು ವಾರ ಬೇಕಾಗಬಹುದು. ಸುಮ್ನೆ ಒಂದೇ ಸಲಕ್ಕೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಿ. ಬೇರೆ ನೋವಿಗೆ ಅಂತ ಟ್ರಮಡಾಲ್ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಅದೂ ಸೆರೊಟೋನಿನ್ ಹೆಚ್ಚಿಸುತ್ತದೆ, ಎರಡೂ ಸೇರಿದರೆ ಜೀವಕ್ಕೇ ಅಪಾಯವಾಗಬಹುದು.