ಹೆಬ್ಬೆಟ್ಟು ಒತ್ತೋ ವಿದ್ಯಾವಂತರು

ಆ ಕೆನಡಾದ ಹೆಬ್ಬೆಟ್ಟಿನ ಕೇಸು ನೀವೆಲ್ಲ ಓದೇ ಇರ್ತೀರಿ, ಇಲ್ದಿದ್ರೆ ಯಾರಾದ್ರೂ ಫಾರ್ವರ್ಡ್ ಮಾಡೇ ಇರ್ತಾರೆ, ನೀವು ಓದದೇ ಅದಕ್ಕೂ ಒಂದು ಹೆಬ್ಬೆಟ್ಟು ಒತ್ತಿರ್ತೀರಿ. ಸಸ್ಕಾಚೆವನ್ ಕಡೆಯ ಒಬ್ಬ ರೈತ, ಅಗಸೆ ಬೆಳೆಯೋನು. ಧಾನ್ಯ ಕೊಳ್ಳೋ ಕಂಪನಿಯೋರು 2021ರಲ್ಲಿ ಕಾಂಟ್ರ್ಯಾಕ್ಟಿನ ಫೋಟೋ ತೆಗ್ದು ಮೊಬೈಲಿಗೆ ಕಳ್ಸಿ ಕನ್ಫರ್ಮ್ ಮಾಡಪ್ಪ ಅಂದ್ರು, ಈತ ಹೆಬ್ಬೆಟ್ಟು ಎತ್ತಿದ ಇಮೋಜಿ ಕಳಿಸ್ದ. ನವೆಂಬರ್ ಬಂತು, ಅಗಸೆ ಬರ್ಲಿಲ್ಲ, ಅಷ್ಟೊತ್ತಿಗೆ ರೇಟು ಬೇರೆ ಏರಿತ್ತು. ಕೋರ್ಟಲ್ಲಿ ಈತ ಹೇಳಿದ್ದು, ಸ್ವಾಮಿ ನಾನು ಮೆಸೇಜ್ ಬಂತು ಅಂದೆ ಅಷ್ಟೇ, ಒಪ್ಪಿದೀನಿ ಅಂತ ಎಲ್ಲಿ ಅಂದೆ ಅಂತ. ಜಡ್ಜು ಹಳೇ ಮೆಸೇಜೆಲ್ಲ ನೋಡಿದ್ರು, ಈ ಹಿಂದೆಯೂ ಹಿಂಗೇ ಒಂದೊಂದು ಪದದಲ್ಲಿ ಹ್ಞೂಂ ಅಂದು ಮಾಲು ಕೊಟ್ಟಿದ್ದೀಯಲ್ಲ ಅಂದ್ರು, ಹೆಬ್ಬೆಟ್ಟು ಸಹಿಗೆ ಸಮ ಅಂದ್ರು, 2023ರಲ್ಲಿ 82 ಸಾವಿರ ಕೆನಡಾ ಡಾಲರ್ ಚಿಲ್ರೆ ಕೊಡು ಅಂತ ತೀರ್ಪು ಕೊಟ್ರು. ಮರುವರ್ಷ ಮೇಲಿನ ಕೋರ್ಟೂ ಅದಕ್ಕೇ ಹೆಬ್ಬೆಟ್ಟು ಒತ್ತಿತು.

ರೈತನ ಬಗ್ಗೆ ನಗೋಕೆ ನಂಗಿಷ್ಟ ಇಲ್ಲ, ಪಾಪ. ನಗು ಬರೋದು ನಮ್ಮ ಬಗ್ಗೆ. ಹೆಬ್ಬೆಟ್ಟು ಒತ್ತೋ ಬಾಳು ನಮಗೇ ಮುಗೀಲಿ, ಮಕ್ಕಳು ನಾಲ್ಕಕ್ಷರ ಕಲೀಲಿ, ಸಹಿ ಹಾಕೋದಾದ್ರೂ ಬರ್ಲಿ ಅಂತ ಹಿಂದಿನೋರು ಹೊಟ್ಟೆಬಟ್ಟೆ ಕಟ್ಟಿ ಸ್ಕೂಲಿಗೆ ಅಟ್ಟಿದ್ರು. ಮಕ್ಕಳು ಓದಿದ್ರು, ಡಿಗ್ರಿ ಮೇಲೆ ಡಿಗ್ರಿ ತಗೊಂಡ್ರು, ಕೈಗೊಂದು ಫೋನ್ ಬಂತು, ವಾಪಸ್ ಹೆಬ್ಬೆಟ್ಟಿಗೇ ಬಂದು ನಿಂತ್ರು. ಇಂಕಿನ ಖರ್ಚು ಉಳೀತು, ಪ್ರಗತಿ ಅಂದ್ರೆ ಅದೇ ಇರ್ಬೇಕು.

ಅಷ್ಟಕ್ಕೂ ಆ ಜಡ್ಜಿಗೆ ಧೈರ್ಯ ಹೆಂಗೆ ಬಂತು ಅಂತೀನಿ. ಹೆಬ್ಬೆಟ್ಟಿಗೆ ಒಂದೇ ಅರ್ಥ ಅಂತ ಹೇಳೋಕೆ ಅವರೇನು ನಮ್ಮ ಆಫೀಸ್ ಗ್ರೂಪಲ್ಲಿ ಇದ್ದಾರಾ? ಬಾಸ್ ಒತ್ತಿದ್ರೆ 'ನೋಡಿದೀನಿ, ಮುಂದೆ ಏನಾದ್ರೂ ಎಡವಟ್ಟಾದ್ರೆ ನೋಡಿಲ್ಲ ಅಂತೀನಿ'. ಕೆಳಗಿನೋರು ಒತ್ತಿದ್ರೆ 'ಮಾಡ್ತೀನಿ ಸರ್, ಮನಸ್ಸಲ್ಲಿ ಏನಂದೆ ಅಂತ ಕೇಳ್ಬೇಡಿ'. ಹೆಂಡತಿ ಒತ್ತಿದ್ರೆ ಅದು ಒಪ್ಪಿಗೆ ಅಂತ ತಿಳ್ಕೊಂಡ ಗಂಡನಿಗೆ ಯಾವ ಕೋರ್ಟೂ ರಕ್ಷಣೆ ಕೊಡಲ್ಲ. ಹದಿನೆಂಟು ವರ್ಷದ ಹುಡುಗ್ರನ್ನ ಕೇಳಿ, ಹೆಬ್ಬೆಟ್ಟು ಅಂದ್ರೆ ಅವಮಾನ ಅಂತಾರೆ, ಮುಖಕ್ಕೆ ಹೊಡ್ದಂಗೆ ಮಾತು ಮುಗಿಸೋದು ಅದು, ಹಾರ್ಟ್ ಒತ್ತೋಕೆ ಏನಾಗಿತ್ತು ಅಂತಾರೆ. ಅಪ್ಪನಿಗೆ ಇದು ಗೊತ್ತಿಲ್ಲ. ಅಪ್ಪ ಮಗಳ ಫೋಟೋಗೆ ಮನಸಾರೆ ಒಂದು ಹೆಬ್ಬೆಟ್ಟು ಒತ್ತಿ ಖುಷಿಯಾಗಿರ್ತಾರೆ, ಮಗಳು ಆ ಕಡೆ ಮುಖ ದಪ್ಪ ಮಾಡ್ಕೊಂಡಿರ್ತಾಳೆ.

ಹೆಬ್ಬೆಟ್ಟು ಬಿಡಿ, ಪೂರ್ಣವಿರಾಮಕ್ಕೂ ಈಗ ಗಾಂಚಾಲಿ ಅಂತ ಅರ್ಥ. ಸುಳ್ಳಲ್ಲ, ಅಮೆರಿಕದ ಬಿಂಗ್‌ಹ್ಯಾಮ್ಟನ್ ಯೂನಿವರ್ಸಿಟಿಯೋರು 2015ರಲ್ಲಿ ಇದನ್ನೇ ಕೂತು ಸ್ಟಡಿ ಮಾಡಿದ್ರು, 126 ಜನ ವಿದ್ಯಾರ್ಥಿಗಳಿಗೆ ಮೆಸೇಜು ತೋರ್ಸಿ, ಕೊನೇಲಿ ಚುಕ್ಕಿ ಇದ್ದ ಉತ್ತರ ಅಷ್ಟೊಂದು ಮನಸ್ಸಿಂದ ಬಂದಿದ್ದಲ್ಲ ಅನ್ಸತ್ತೆ ಅಂತ ಕಂಡ್ಕೊಂಡ್ರು, ಅದೇ ಉತ್ತರ ಕೈಬರಹದಲ್ಲಿ ಚೀಟಿ ಮೇಲಿದ್ರೆ ಚುಕ್ಕಿ ಇದ್ರೂ ಇಲ್ದಿದ್ರೂ ಒಂದೇ. ಅಂದ್ರೆ ಪರದೆ ಮೇಲೆ ಮಾತ್ರ ಚುಕ್ಕಿ ಚುಚ್ಚುತ್ತೆ. ವ್ಯಾಕರಣ ಕಲಿಸಿದ ಮೇಷ್ಟ್ರು ಈಗ ನಮ್ಮ ಗ್ರೂಪಲ್ಲಿದ್ದಾರೆ, ಪ್ರತಿ ವಾಕ್ಯಕ್ಕೂ ಚುಕ್ಕಿ ಇಡ್ತಾರೆ, ಅವರಿಗೆ ಯಾಕೋ ಇತ್ತೀಚೆಗೆ ಸಿಟ್ಟು ಜಾಸ್ತಿ ಆಗಿದೆ ಅಂತ ಶಿಷ್ಯರು ಪಕ್ಕದಲ್ಲೇ ಬೇರೆ ಗ್ರೂಪ್ ಮಾಡ್ಕೊಂಡು ಮಾತಾಡ್ತಾರೆ.

ನೀಲಿ ಟಿಕ್ಕಿನ ಪುರಾಣ ಬೇಡ, 2014ರ ನವೆಂಬರಲ್ಲಿ ವಾಟ್ಸಾಪ್ ಅದನ್ನ ತಂದಾಗಿಂದ ಎಷ್ಟು ಸಂಸಾರ ಅಲ್ಲಾಡಿದೆ ಅಂತ ನಿಮ್ಗೇ ಗೊತ್ತು. ಮೆಸೇಜ್ ಓದೋಕೆ ಮುಂಚೆ ಫ್ಲೈಟ್ ಮೋಡಿಗೆ ಹಾಕಿ, ಓದಿ, ಆಪ್ ಮುಚ್ಚಿ, ಆಮೇಲೆ ನೆಟ್ಟು ಆನ್ ಮಾಡೋ ಗೃಹಸ್ಥರನ್ನ ನೋಡಿದೀನಿ, ಕಳ್ಳತನ ಮಾಡೋರೂ ಇಷ್ಟು ಜಾಗ್ರತೆ ವಹಿಸಲ್ಲ, ತನಗೇ ಬಂದ ಪತ್ರ ಓದೋಕೆ ಇಷ್ಟು ಪಾಡು. ಟಿಕ್ಕೇ ಬೇಡ ಅಂತ ಸೆಟ್ಟಿಂಗಲ್ಲಿ ಆಫ್ ಮಾಡ್ಕೊಂಡೋರು ಇದ್ದಾರೆ, ಅವ್ರ ಮೇಲೆ ಜನಕ್ಕೆ ಇನ್ನೂ ಅನುಮಾನ. ಏನೋ ಮುಚ್ಚಿಡ್ತಿದ್ದಾನೆ ಅಂತ.

ಇರ್ಲಿ. ಮೊನ್ನೆ ಒಂದು ಗ್ರೂಪಲ್ಲಿ ಒಬ್ಬರ ತಂದೆ ತೀರ್ಕೊಂಡ ಸುದ್ದಿ ಬಂತು. ಬೆಳಗ್ಗೆ ಬೆಳಗ್ಗೆ. ಅದರ ಕೆಳಗೆ ಬಂದ ಮೊದಲ ಪ್ರತಿಕ್ರಿಯೆ ಹೆಬ್ಬೆಟ್ಟು. ಒತ್ತಿದೋರು ಕೆಟ್ಟೋರಲ್ಲ, ನಂಗೆ ಗೊತ್ತು ಅವರು, ಯಾರ ಮನೇಲಿ ಏನಾದ್ರೂ ಮೊದ್ಲು ಓಡಿ ಹೋಗೋ ಪೈಕಿ, ಆದ್ರೆ ಫೋನಲ್ಲಿ ಅವರಿಗೆ ಕೈಗೆ ಸಿಗೋದು ಅದೊಂದೇ ಬಟನ್ನು. ಆಮೇಲೆ ಕೈಮುಗಿದ ಇಮೋಜಿಗಳ ಸಾಲು ಶುರುವಾಯ್ತು, ಸಾಲಿನ ಮಧ್ಯೆ ಯಾರೋ ಒಬ್ಬರು ಮೇಲೆ ನೋಡದೇನೇ ಹ್ಯಾಪಿ ಬರ್ತ್‌ಡೇ ಅಂತ ಕೇಕಿನ ಸ್ಟಿಕ್ಕರ್ ಹಾಕಿದ್ರು, ಹಿಂದಿನ ದಿನ ಇನ್ಯಾರದೋ ಹುಟ್ಟುಹಬ್ಬ ಇತ್ತು, ತಡವಾಗಿ ನೆನಪಾಗಿರ್ಬೇಕು. ಗಾಬರಿಯಾಗಿ ಡಿಲೀಟ್ ಮಾಡಿದ್ರು. ಡಿಲೀಟ್ ಮಾಡಿದೀನಿ ಅನ್ನೋ ಸಾಲು ಮಾತ್ರ ಅಲ್ಲೇ ಉಳೀತು, ಅಷ್ಟೊತ್ತಿಗೆ ನೋಡಬೇಕಾದೋರೆಲ್ಲ ನೋಡಾಗಿತ್ತು. ಇಷ್ಟರಲ್ಲಿ ತಂದೆ ಕಳ್ಕೊಂಡ ಆ ಹುಡುಗ ಒಂದೊಂದು ಕೈಮುಗಿತಕ್ಕೂ ಒಂದೊಂದು ಹಾರ್ಟ್ ಒತ್ತುತ್ತಾ ಬರ್ತಿದ್ದ, ಒತ್ತದೇ ಬಿಟ್ರೆ ಬೇಜಾರಾಗ್ತಾರಲ್ಲ ಅಂತ. ಹೆಣ ಇನ್ನೂ ಮನೇಲೇ ಇದೆ ಕಣ್ರೀ. ಒಂದು ಗ್ರೂಪಲ್ಲಿ 1024 ಜನ ಇರಬಹುದು ಅಂತ 2022ರಿಂದ ಅವಕಾಶ ಕೊಟ್ಟಿದ್ದಾರೆ, ಆ ಸಾವಿರದ ಚಿಲ್ಲರೆ ಜನಕ್ಕೂ ಉಪಚಾರ ಮಾಡೋ ಹೊತ್ತಾ ಅದು?

ಇಷ್ಟೆಲ್ಲ ಒತ್ತಿದ್ದು ಎಲ್ಲಿ ಹೋಗತ್ತೆ ಅಂದ್ರೆ, ಲೆಕ್ಕಕ್ಕೆ ಹೋಗತ್ತೆ. ಫೇಸ್‌ಬುಕ್ಕಿನೋರು 2009ರಲ್ಲಿ ಲೈಕ್ ಬಟನ್ ಕೊಟ್ರು, ಸರಿ, ಎಲ್ರೂ ಎಲ್ಲದಕ್ಕೂ ಲೈಕ್ ಒತ್ತಿ ಒತ್ತಿ ಅದು ಸಪ್ಪೆ ಆಯ್ತು ಅಂತ 2016ರಲ್ಲಿ ಪ್ರೀತಿ, ನಗು, ಆಶ್ಚರ್ಯ, ದುಃಖ, ಕೋಪ ಅಂತ ಇನ್ನೊಂದಿಷ್ಟು ಮುಖ ಕೊಟ್ರು. ಎಂಥಾ ಉದಾರ ಮನಸ್ಸು, ನವರಸದಲ್ಲಿ ಅರ್ಧಕ್ಕಿಂತ ಹೆಚ್ಚು ಫ್ರೀ. 2017ರಿಂದ ಆ ಮುಖಗಳಿಗೆ ಒಳಗಡೆ ಲೈಕಿಗಿಂತ ಐದು ಪಟ್ಟು ತೂಕ ಇಟ್ಟಿದ್ರು ಅಂತ ಆಮೇಲೆ 2021ರಲ್ಲಿ ಅವರ ಒಳಗಿನ ಕಾಗದಪತ್ರ ಹೊರಗೆ ಬಂದಾಗ ಗೊತ್ತಾಯ್ತು. ಅಂದ್ರೆ ನೀವು ಥೂ ಎಂಥ ದರಿದ್ರ ಪೋಸ್ಟು ಅಂತ ಕೆಂಪು ಮುಖ ಒತ್ತಿದ್ರಿ ಅಂತಿಟ್ಕೊಳ್ಳಿ, ಮೆಷಿನ್ನು ಓಹೋ ಇದು ಐದು ಲೈಕಿನಷ್ಟು ಚೆನ್ನಾಗಿದೆ ಅಂತ ತಿಳ್ಕೊಂಡು ಅದನ್ನ ಇನ್ನಷ್ಟು ಜನಕ್ಕೆ ತೋರಿಸ್ತಿತ್ತು, ಅವರೂ ಥೂ ಅಂತಿದ್ರು, ಅದಕ್ಕೆ ಇನ್ನೈದು. ದರಿದ್ರ ಪೋಸ್ಟ್ ಹಾಕಿದೋನು ತನ್ನ ಬರವಣಿಗೆಗೆ ಮಾರುಹೋದ.

ಇದು ತಮಾಷೆ ಅನ್ಸತ್ತೆ, ಹೇಳ್ತಾ ನಂಗೂ ನಗು ಬರತ್ತೆ, ಆದ್ರೆ ಕೇಳಿ. ಕೋಪದ ಮುಖ ಜಾಸ್ತಿ ಬೀಳೋ ಪೋಸ್ಟಲ್ಲೇ ಸುಳ್ಳು, ವಿಷ ಜಾಸ್ತಿ ಇರತ್ತೆ ಅಂತ ಅವರದೇ ಡೇಟಾ ಓದೋ ಜನ 2019ರಲ್ಲಿ ಅವರಿಗೇ ಹೇಳಿದ್ರು. 2020ರ ಸೆಪ್ಟೆಂಬರ್‌ವರೆಗೂ ಎಳೆದಾಡಿ ಕೊನೆಗೆ ಕೋಪದ ತೂಕ ಸೊನ್ನೆಗೆ ಇಳಿಸಿದ್ರು. ಸೊನ್ನೆ ಮಾಡಿದ ಮೇಲೆ ಜನ ಆಪ್ ಬಿಟ್ಟು ಓಡಿಹೋದ್ರಾ? ಇಲ್ಲ, ಬಳಕೆ ಹಾಗೇ ಇತ್ತು. ಅಂದ್ರೆ ಮೊದಲೇ ಮಾಡಬಹುದಿತ್ತು, ಯಾರ ಗಂಟೂ ಹೋಗ್ತಿರ್ಲಿಲ್ಲ. ಆ ಮೂರು ವರ್ಷದಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿದ್ದು, ಒಂದೇ ಬೆಂಚಲ್ಲಿ ಕೂತು ಓದಿದೋರು ಬ್ಲಾಕ್ ಮಾಡ್ಕೊಂಡಿದ್ದು, ಇವೆಲ್ಲ ಯಾರ ಲೆಕ್ಕಕ್ಕೆ ಬರ್ಕೊಳ್ಳೋಣ? ಉರಿಯೋ ಮನೇಲಿ ಗಳ ಹಿರಿಯೋರನ್ನ ನೋಡಿದ್ವಿ, ಇವರು ಗಳ ಬೇಕು ಅಂತ್ಲೇ ಗಾಳಿ ಹಾಕಿದೋರು.

ಅದಕ್ಕೂ ಮುಂಚೆ, 2012ರ ಜನವರಿಯಲ್ಲಿ, ಇದೇ ಫೇಸ್‌ಬುಕ್ಕಿನೋರು ಒಂದು ವಾರ 6,89,003 ಜನರ ಫೀಡಲ್ಲಿ ಖುಷಿ ಪೋಸ್ಟು ಅಥವಾ ಬೇಜಾರು ಪೋಸ್ಟು ಕಮ್ಮಿ ಮಾಡಿ, ಇವರ ಮೂಡು ಏನಾಗತ್ತೆ ಅಂತ ನೋಡಿದ್ರು. ಯಾರಿಗೆ ಖುಷಿ ಪೋಸ್ಟು ಕಮ್ಮಿ ತೋರಿಸಿದ್ರೋ ಅವರು ತಾವೂ ಸ್ವಲ್ಪ ಬೇಜಾರಿನ ಮಾತು ಬರೆದ್ರಂತೆ. ಪರಿಣಾಮ ತೀರಾ ಸಣ್ಣದು, ಅದು ನಿಜ, ದೊಡ್ಡದು ಮಾಡಿ ಹೇಳಬಾರದು. ಆದ್ರೆ ಆ ಜನಕ್ಕೆ ಒಂದು ಮಾತು ಹೇಳಿದ್ರಾ? 2014ರಲ್ಲಿ ಈ ಪ್ರಯೋಗದ ವರದಿ ಪ್ರಕಟ ಆದಾಗ ಜಗತ್ತು ಬಾಯಿ ಬಡ್ಕೊಳ್ತು, ಅದಕ್ಕೆ ಸಮಜಾಯಿಷಿ ಏನಪ್ಪಾ ಅಂದ್ರೆ ಅಕೌಂಟ್ ತೆರೆಯುವಾಗ ನಿಯಮಗಳಿಗೆಲ್ಲ ಒಪ್ಪಿದೀರಲ್ಲ, ಅದೇ ಒಪ್ಪಿಗೆ. ಆ ರೈತನಾದ್ರೂ ವಾಸಿ, ಅವನಿಗೆ ಕಾಂಟ್ರ್ಯಾಕ್ಟಿನ ಫೋಟೋನಾದ್ರೂ ಕಣ್ಣಿಗೆ ಕಾಣೋ ಹಂಗೆ ಕಳ್ಸಿದ್ರು. ಅವತ್ತು ಆ ವಾರ ಯಾಕೋ ಮನಸ್ಸಿಗೆ ಸರಿ ಇಲ್ಲ ಅಂತ ಯಾರಾದ್ರೂ ತಲೆದಿಂಬಿಗೆ ಮುಖ ಒತ್ತಿ ಮಲಗಿದ್ರೆ, ಅದಕ್ಕೆ ಕಾರಣ ಇವರಿರಬಹುದಿತ್ತು, ಇಲ್ದೇನೂ ಇರಬಹುದಿತ್ತು, ಅವರಿಗೆ ಇವತ್ತಿಗೂ ಗೊತ್ತಾಗಲ್ಲ. ನಂಗೆ ಸುಸ್ತಾಗೋದು ಇಲ್ಲೇ.

ಹೋಗ್ಲಿ, ಪ್ರಭಾವಿಗಳ ಕಡೆ ಬರೋಣ, ಅಲ್ಲಾದ್ರೂ ಸ್ವಲ್ಪ ಮನರಂಜನೆ ಇದೆ. ಇನ್‌ಫ್ಲುಯೆನ್ಸರ್ ಅಂದ್ರೆ ಗೊತ್ತಲ್ಲ, ಬೆಳಗ್ಗೆ ಎದ್ದು ನನಗೆ ಒಂಟಿತನ ಕಾಡ್ತಿದೆ ಅಂತ ಸರಿಯಾದ ಲೈಟಿಂಗಲ್ಲಿ ಅಳೋರು, ಅಳು ಮುಗಿಯೋ ಹೊತ್ತಿಗೆ ಕೆಳಗೆ ಡಿಸ್ಕೌಂಟ್ ಕೋಡ್ ಇರತ್ತೆ. ಇವರಲ್ಲೇ ಒಂದು ಪಂಗಡ ಡಿಜಿಟಲ್ ಡಿಟಾಕ್ಸ್ ಮಾಡೋರು. ನಾನು ಸೋಷಿಯಲ್ ಮೀಡಿಯಾ ಬಿಡ್ತಿದ್ದೀನಿ ಅಂತ ಸೋಷಿಯಲ್ ಮೀಡಿಯಾದಲ್ಲೇ ದೊಡ್ಡದೊಂದು ಪೋಸ್ಟ್ ಹಾಕಿ, ಬಿಡಬೇಡಿ ಅಂತ ಎಷ್ಟು ಜನ ಅಂತಾರೆ ಅಂತ ಮೂರು ದಿನ ಅಲ್ಲೇ ಕೂತು ಎಣಿಸೋದು. ನಾಲ್ಕನೇ ದಿನ 'ನಿಮ್ಮ ಪ್ರೀತಿಗೆ ಮಣಿದು' ವಾಪಸ್.

ನಂಬಿಕೆಗೂ ರೇಟ್ ಕಾರ್ಡ್ ಬಂದಿದ್ದು ಟ್ವಿಟರಲ್ಲಿ. 44 ಬಿಲಿಯನ್ ಡಾಲರಿಗೆ ಕೊಂಡ ಎಲಾನ್ ಮಸ್ಕ್ ಸಾಹೇಬ್ರು 2022ರ ನವೆಂಬರಲ್ಲಿ ತಿಂಗಳಿಗೆ 8 ಡಾಲರ್ ಕೊಟ್ರೆ, ಈ ಅಕೌಂಟ್ ಅಸಲಿ ಅಂತ ಸಾರೋ ನೀಲಿ ಗುರುತು ಅಂದ್ರು. ಕೆಲವೇ ದಿನದಲ್ಲಿ ಯಾರೋ ಪುಣ್ಯಾತ್ಮ ಎಲೈ ಲಿಲಿ ಅನ್ನೋ ಔಷಧಿ ಕಂಪನಿ ಹೆಸರಲ್ಲಿ ಗುರುತು ತಗೊಂಡು ಇನ್ಸುಲಿನ್ ಇನ್ಮೇಲೆ ಫ್ರೀ ಅಂತ ಹಾಕಿದ. ಜನ ಕುಣಿದಾಡಿದ್ರು. ಅಸಲಿ ಕಂಪನಿ ಬಂದು, ಹಾದಿ ತಪ್ಪಿಸೋ ಸುದ್ದಿ ತಲುಪಿದೋರಲ್ಲಿ ಕ್ಷಮೆ ಇರಲಿ ಅಂತ ಹಾಕಬೇಕಾಯ್ತು. ಔಷಧಿ ಫ್ರೀ ಅಲ್ಲ ಅನ್ನೋದಕ್ಕೆ ಕಂಪನಿ ಕ್ಷಮೆ ಕೇಳಿದ ಸೀನು ಅದೊಂದೇ ಇರ್ಬೇಕು, 8 ಡಾಲರಿಗೆ ಇಷ್ಟು ಒಳ್ಳೇ ನಾಟಕ ಇನ್ನೆಲ್ಲೂ ಸಿಗಲ್ಲ.

ಇಷ್ಟೆಲ್ಲ ಒತ್ತಿ, ತಳ್ಳಿ, ಫಾರ್ವರ್ಡ್ ಮಾಡಿ ನಾವು ಕಳ್ಕೊಂಡಿದ್ದು ಸುಮ್ನೆ ಒಂದು ಫೋನ್ ಮಾಡೋ ಹಕ್ಕು. ಈಗ ಕಾಲ್ ಮಾಡೋಕೆ ಮುಂಚೆ 'ಕಾಲ್ ಮಾಡ್ಲಾ' ಅಂತ ಮೆಸೇಜ್ ಹಾಕ್ಬೇಕು, ಮಾಡು ಅಂದ್ಮೇಲೆ ಮಾಡ್ಬೇಕು. ನಾನು ಈ ಶಾಸ್ತ್ರ ಮಾಡದೇ ನೇರ ಒಬ್ಬ ಹಳೇ ಫ್ರೆಂಡಿಗೆ ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ ಎತ್ತಿದ.

"ಲೋ, ಏನಾಯ್ತೋ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಕಣೋ, ಸುಮ್ನೆ ಮಾಡ್ದೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ, ಹೆಂಗಿದ್ದೀಯ ಅಂತ."

"ಒಂದು ಮೆಸೇಜ್ ಹಾಕೋಕಾಗಲ್ವೇನೋ ಮಾರಾಯ, ಎದೆ ಧಸಕ್ ಅಂತು. ಮೀಟಿಂಗಲ್ಲಿದ್ದೀನಿ, ಆಮೇಲೆ ಮಾಡ್ತೀನಿ ಇಡು."

ಇಟ್ಟೆ. ಹೆಂಗೂ ಕೈಲಿ ಫೋನಿತ್ತು, ಫೇಸ್‌ಬುಕ್ ತೆರೆದೆ. ಒಂದು ನಿಮಿಷದ ಹಿಂದೆ ಅವನು ಯಾರದೋ ಪೋಸ್ಟಿಗೆ ಕಾಮೆಂಟ್ ಹಾಕಿದ್ದ. 'ನಿಜ ಸರ್, ಇತ್ತೀಚೆಗೆ ಯಾರೂ ಮನಸ್ಸು ಬಿಚ್ಚಿ ಮಾತಾಡೋದೇ ಇಲ್ಲ.' ಅದಕ್ಕೆ ಆಗಲೇ ನಲವತ್ತು ಲೈಕು.