ಕೊರಳಿಗೆ ಟ್ಯಾಗ್ ಹಾಕುವ ಮುಂಚೆ ಅವರನ್ನೊಂದು ಮಾತು ಕೇಳಿ

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಒಂದು ಪ್ರಸ್ತಾಪ ಬಂತು. ಮನೆಕೆಲಸಕ್ಕೆ ಬರುವ ಹೆಂಗಸರು, ಹೌಸ್‌ಕೀಪಿಂಗ್‌ನವರು, ಸೆಕ್ಯೂರಿಟಿಯವರು, ಎಲ್ಲರ ಕೊರಳಿಗೂ ಒಂದೊಂದು ಬ್ಲೂಟೂತ್ ಟ್ಯಾಗ್. ಅದು ಬಿಡುವಿಲ್ಲದೆ ತನ್ನ ನಂಬರನ್ನು ಕೂಗಿ ಹೇಳುತ್ತಿರುತ್ತದೆ. ಮಹಡಿ ಮಹಡಿಯಲ್ಲೂ ಕೂರಿಸಿದ ರಿಸೀವರ್‌ಗಳು ಸಿಗ್ನಲ್ ಎಷ್ಟು ಜೋರಾಗಿದೆ ಅಂತ ನೋಡಿ ಟ್ಯಾಗ್ ಹಾಕಿಕೊಂಡವರು ಎಲ್ಲಿದ್ದಾರೆಂದು ಲೆಕ್ಕ ಹಾಕುತ್ತವೆ. ಕೆಲವು ಮೀಟರ್ ಆಚೀಚೆ ಆಗಬಹುದು, ಅಷ್ಟೆ. ಬಹಳ ಜನ ತಲೆಯಾಡಿಸಿದರು. ನಾನು ಬಾಯಿ ಬಿಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಾರನೇ ದಿನ ನಮ್ಮ ಮನೆಗೆ ಬರುವಾಕೆಗೆ ವಿಷಯ ಹೇಳಿದೆ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಕೇಳಿದ್ದು ಒಂದೇ: "ಬಾತ್‌ರೂಮಿಗೆ ಹೋದ್ರೂ ಗೊತ್ತಾಗುತ್ತಾ ಅಕ್ಕಾ?"

ಗೊತ್ತಾಗುತ್ತದೆ. ಎಷ್ಟು ಹೊತ್ತು ಇದ್ದಳು ಅನ್ನುವುದೂ ಹೆಚ್ಚುಕಡಿಮೆ ಗೊತ್ತಾಗುತ್ತದೆ. ನಾಗಪುರ, ಚಂಡೀಗಢ, ಪಂಚಕುಲದಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚ್ ಕಟ್ಟಿದಾಗಲೂ ಇದೇ ಸಂಕಟ. ಶೌಚಾಲಯಕ್ಕೆ ಹೋಗಲೂ ಅಂಜಿಕೆ, ಗೊತ್ತುಮಾಡಿದ ಬೀದಿ ಬಿಟ್ಟರೆ ಸಂಬಳಕ್ಕೆ ಕತ್ತರಿ ಬೀಳುತ್ತದೆಂಬ ಭಯ. ಆ ಭಯ ಕಾಡಿದ್ದು ಊರು ಗುಡಿಸುವವರನ್ನು, ಗುಡಿಸಿ ಅಂತ ಆದೇಶ ಬರೆಯುವವರನ್ನಲ್ಲ. ನಮ್ಮ ಸಭೆಯಲ್ಲೂ ಅಷ್ಟೆ, ಮನೆ ಮಾಲೀಕರಿಗೂ ಒಂದು ಟ್ಯಾಗ್ ಇರಲಿ ಅಂತ ಯಾರ ಬಾಯಲ್ಲೂ ಬರಲಿಲ್ಲ.

ಕಳ್ಳತನ ಆದರೆ ಏನು ಮಾಡೋದು ಅಂತ ಒಬ್ಬರು ಕೇಳಿದರು. ಗೇಟಿನಲ್ಲಿ ರಿಜಿಸ್ಟರ್ ಇದೆ, ಲಿಫ್ಟಿನಲ್ಲಿ ಕ್ಯಾಮೆರಾ ಇದೆ. ಟ್ಯಾಗಿಗೆ ಆಕೆ ನಿಂತ ಜಾಗ ತಿಳಿದೀತು, ಆಕೆಯ ಕೈ ಏನು ಮಾಡಿತು ಅನ್ನುವುದು ತಿಳಿಯುವುದಿಲ್ಲ.

ನನ್ನ ಮಾತು ಬೇಡ, ಸುಪ್ರೀಂ ಕೋರ್ಟಿನ ಮಾತು ಕೇಳಿ. ಮಾದಕವಸ್ತು ಪ್ರಕರಣದ ಒಬ್ಬ ಆರೋಪಿಗೆ ಜಾಮೀನು ಕೊಡುವಾಗ, ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿ ತಾನಿರುವ ಜಾಗವನ್ನು ತನಿಖಾಧಿಕಾರಿಗೆ ತೋರಿಸುತ್ತಿರಬೇಕು ಎಂಬ ಷರತ್ತಿತ್ತು. 2024ರ ಜುಲೈ 8ರಂದು ನ್ಯಾಯಮೂರ್ತಿ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅದನ್ನು ತೆಗೆದುಹಾಕಿದರು. ಆರೋಪಿಯ ಖಾಸಗಿ ಬದುಕಿನಲ್ಲಿ ಪೊಲೀಸರು ಸದಾ ಇಣುಕುವಂತೆ ಮಾಡುವ ಷರತ್ತು ಸಲ್ಲದು ಎಂದರು. ಓಕಾ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲೇ. ಆರೋಪ ಹೊತ್ತವನಿಗೇ ಈ ರಕ್ಷಣೆ ಇರುವಾಗ, ಬೆಳಗ್ಗೆ ಆರಕ್ಕೆ ಬಂದು ನಮ್ಮ ಎಂಜಲು ತಟ್ಟೆ ತೊಳೆಯುವವಳು ಏನು ತಪ್ಪು ಮಾಡಿದ್ದಾಳೆ?

ಟ್ಯಾಗ್ ಅಂದರೆ ನನಗೆ ದ್ವೇಷ ಇಲ್ಲ. ಅಪ್ಪನಿಗೆ ಮರೆವು ಶುರುವಾದಾಗ ನಾನೇ ಒಂದು ಟ್ಯಾಗ್ ಕೊಂಡುಕೊಂಡೆ, ನಾಣ್ಯದಷ್ಟಗಲದ್ದು. ಅದರಲ್ಲಿ ಜಿಪಿಎಸ್ ಇಲ್ಲ. ಹತ್ತಿರ ಹಾದುಹೋಗುವ ಅಪರಿಚಿತರ ಫೋನುಗಳೇ ಅದು ಇರುವ ಜಾಗದ ಸುದ್ದಿ ಮುಟ್ಟಿಸಬೇಕು. ಪೇಟೆಯಲ್ಲಿ ಸರಿ, ನಮ್ಮೂರಿನ ತೋಟದ ದಾರಿಯಲ್ಲಿ ಗಂಟೆಗಟ್ಟಲೆ ಮೌನ. ಆದರೂ ಒಮ್ಮೆ ಮಾರುಕಟ್ಟೆಯಲ್ಲಿ ದಾರಿ ತಪ್ಪಿದಾಗ ಅಪ್ಪನನ್ನು ಹುಡುಕಿಕೊಟ್ಟಿದ್ದು ಅದೇ ಟ್ಯಾಗ್. ಚೀಲದಲ್ಲಿ ಹಾಕುವ ಮೊದಲು ಅವರನ್ನು ಕೇಳಿದ್ದೆ. "ನಿಂಗೆ ಸಮಾಧಾನ ಅಂದ್ರೆ ಹಾಕಮ್ಮ. ಬೇಡ ಅನ್ನಿಸಿದ ದಿನ ತೆಗೆದಿಡ್ತೀನಿ" ಅಂದರು. ಕೆಲವು ದಿನ ತೆಗೆದಿಟ್ಟೇ ಹೋಗುತ್ತಾರೆ. ಆ ದಿನಗಳಲ್ಲಿ ನಾನು ಬಾಲ್ಕನಿಯಲ್ಲಿ ನಿಂತು ಕಾಯುತ್ತೇನೆ.

ಅದೇ ಮಾತನ್ನು ನಮ್ಮ ಕೆಲಸದಾಕೆ ಹೇಳಿದರೆ ಮರುದಿನ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ಈ ವ್ಯತ್ಯಾಸವೇ ನನ್ನ ನಿದ್ದೆ ಕೆಡಿಸಿರುವುದು. ಪರ್ಸು, ಬ್ಯಾಗುಗಳಿಗೆ ಹಾಕುವ ಟ್ಯಾಗನ್ನು ಯಾರಾದರೂ ಗುಟ್ಟಾಗಿ ನಮ್ಮ ಬೆನ್ನಿಗೆ ಬಿಟ್ಟರೆ ಸ್ಮಾರ್ಟ್‌ಫೋನ್ ಎಚ್ಚರಿಸುತ್ತದೆ. ಆಕೆಯ ಬಟನ್ ಫೋನು ಏನನ್ನೂ ಹೇಳುವುದಿಲ್ಲ.

ಮುಂದಿನ ಸಭೆಯಲ್ಲಿ ನನ್ನ ಮತ ಇದಕ್ಕೆ ವಿರುದ್ಧ. ಟ್ಯಾಗ್ ಹಾಕಿಸಿಕೊಳ್ಳಬೇಕಾದವರನ್ನೂ ಸಭೆಗೆ ಕರೆಯಿರಿ ಅಂತ ಕಾರ್ಯದರ್ಶಿಗಳಿಗೆ ಬರೆದಿದ್ದೇನೆ. ಸಂಜೆ ನಾಲ್ಕಕ್ಕೆ ಮಾತ್ರ ಇಡಬೇಡಿ, ಆ ಹೊತ್ತಿಗೆ ಆಕೆಗೆ ಇನ್ನೊಂದು ಮನೆಯ ಕೆಲಸವಿದೆ.